ಅಂದಾಜಿನ ಶೇ 3, ಅನುಭವದ ಶೇ 57

ಮೆಟ್ರೊ ಯೋಜನೆಯ ಡಿಪಿಆರ್ (ವಿಸ್ತೃತ ಯೋಜನಾ ವರದಿ) ತೆರೆದು ಖರ್ಚಿನ ಕೋಷ್ಟಕದ ತಳಕ್ಕೆ ಹೋದರೆ ಸಾಮಾನ್ಯವಾಗಿ ಎರಡು ಪುಟ್ಟ ಸಾಲುಗಳು ಸಿಗುತ್ತವೆ. ವಿನ್ಯಾಸ ಮತ್ತು ಆಡಳಿತ ವೆಚ್ಚಕ್ಕೆ ಶೇ 5ರಿಂದ 7. ಅನಿರೀಕ್ಷಿತ ಖರ್ಚಿಗೆ ಶೇ 3. ಹತ್ತು ಸಾವಿರ ಕೋಟಿ ರೂಪಾಯಿಯ ಕೆಲಸದಲ್ಲಿ ಲೆಕ್ಕ ತಪ್ಪಿದರೆ ಎಂದು ಎತ್ತಿಟ್ಟಿರುವುದು 300 ಕೋಟಿ.

ಬ್ರಿಟನ್ನಿನ ಸಾರಿಗೆ ಇಲಾಖೆ 2004ರಲ್ಲಿ ಇದೇ ಪ್ರಶ್ನೆಗೆ ಬೇರೆ ದಾರಿಯಿಂದ ಉತ್ತರ ಹುಡುಕಿತು. ಆಗಲೇ ಮುಗಿದಿದ್ದ ರೈಲು ಯೋಜನೆಗಳ ಮೊದಲ ಅಂದಾಜು ಮತ್ತು ಕೊನೆಯ ಖರ್ಚನ್ನು ಪಕ್ಕಪಕ್ಕದಲ್ಲಿಟ್ಟು, ಹೊಸ ಅಂದಾಜಿಗೆ ಎಷ್ಟು ಸೇರಿಸಿದರೆ ಎಷ್ಟು ಭರವಸೆ ಸಿಗುತ್ತದೆ ಎಂಬ ಪಟ್ಟಿ ಮಾಡಿಸಿತು. ಖರ್ಚು ಮೀರುವ, ಮೀರದಿರುವ ಸಾಧ್ಯತೆ ಸಮಸಮ ಇದ್ದರೆ ಸಾಕು ಎನ್ನುವವರು ಶೇ 40 ಸೇರಿಸಬೇಕು. ಹತ್ತರಲ್ಲಿ ಎಂಟು ಸಲ ಬಜೆಟ್‌ ಒಳಗೇ ಉಳಿಯಬೇಕು ಎನ್ನುವವರು ಶೇ 57. ರಸ್ತೆಗೆ ಈ ಸಂಖ್ಯೆಗಳು ಕ್ರಮವಾಗಿ ಶೇ 15 ಮತ್ತು 32. ದೊಡ್ಡ ಸೇತುವೆ, ಸುರಂಗಗಳಿಗೆ ಶೇ 23 ಮತ್ತು 55.

ಎರಡು ಲೆಕ್ಕಗಳೂ ನೋಡುವುದು ಬೇರೆ ಬೇರೆ ಕಡೆ. ಶೇ 3 ಹೇಳುವವರು ತಮ್ಮ ಮುಂದಿರುವ ನಕ್ಷೆಯನ್ನು ನೋಡಿ ಹೇಳುತ್ತಾರೆ. ಶೇ 57 ಹೇಳುವವರು ಹಿಂದೆ ಇಂಥದ್ದೇ ನಕ್ಷೆಗಳಿಗೆ ಕೊನೆಗೆ ಏನಾಯಿತು ಎಂದು ನೋಡಿ ಹೇಳುತ್ತಾರೆ. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನಮನ್ ಮತ್ತು ಅಮೋಸ್ ಟ್ವರ್ಸ್ಕಿ 1979ರಲ್ಲಿ ವಿವರಿಸಿದ ವ್ಯತ್ಯಾಸ ಇದು. ಅದನ್ನು ಮೂಲಸೌಕರ್ಯದ ಲೆಕ್ಕಕ್ಕೆ ಇಳಿಸಿದವರು ಡೆನ್ಮಾರ್ಕಿನ ಸಂಶೋಧಕ ಬೆಂಟ್ ಫ್ಲೂಬ್ಯೋ. ರೆಫರೆನ್ಸ್ ಕ್ಲಾಸ್ ಫೋರ್‌ಕಾಸ್ಟಿಂಗ್ ಎಂಬ ಭಾರಿ ಹೆಸರು ಇದಕ್ಕಿದೆ. ಇಲ್ಲಿ ಅದನ್ನು ಹೋಲಿಕೆ ಗುಂಪು ಎಂದೇ ಕರೆಯೋಣ.

ನಕ್ಷೆಯಲ್ಲಿ ಬರೆಯಲಾಗದ ಸಾಲುಗಳು

ಲೋಕೋಪಯೋಗಿ ಇಲಾಖೆಯ ಅಂದಾಜುಪಟ್ಟಿ ಹೇಗೆ ತಯಾರಾಗುತ್ತದೆ ಎಂಬುದನ್ನು ಬಲ್ಲವರಿಗೆ ತೊಂದರೆ ಎಲ್ಲಿದೆ ಎಂದು ಬೇಗ ಹೊಳೆಯುತ್ತದೆ. ಇಷ್ಟು ಘನಮೀಟರ್ ಅಗೆತ, ಇಷ್ಟು ಕಾಂಕ್ರೀಟ್, ಇಷ್ಟು ಟನ್ ಕಬ್ಬಿಣ, ಪ್ರತಿಯೊಂದಕ್ಕೂ ಎಸ್‌ಆರ್ ದರ, ಅಂದರೆ ಇಲಾಖೆಯ ದರಪಟ್ಟಿಯ ದರ. ಗುಣಿಸಿ ಕೂಡಿದರೆ ಮೊತ್ತ. ಕೆಲಸಗಳನ್ನು ಒಂದರ ಹಿಂದೆ ಒಂದು ಜೋಡಿಸಿದರೆ ಬಾರ್ ಚಾರ್ಟ್, ಅದರ ಬಲತುದಿಯೇ ಮುಗಿಯುವ ದಿನ. ಪ್ರತಿ ಸಾಲೂ ಸರಿಯಾಗಿರುತ್ತದೆ. ಆದರೆ ಕಂಬ ಸಂಖ್ಯೆ ನಲವತ್ತೆರಡರ ಜಾಗದ ಮಾಲೀಕ ತಡೆಯಾಜ್ಞೆ ತರುತ್ತಾನೆ, ಹಳಿಯ ಮೇಲೆ ಗರ್ಡರ್ ಇಡಲು ರೈಲ್ವೆಯ ಅನುಮತಿ ಹದಿನಾಲ್ಕು ತಿಂಗಳು ಹಿಡಿಯುತ್ತದೆ, ಗುತ್ತಿಗೆದಾರನ ಕಂಪನಿಯೇ ಸಾಲದಲ್ಲಿ ಮುಳುಗುತ್ತದೆ ಎಂದು ಯಾವ ಎಂಜಿನಿಯರೂ ಬರೆಯಲಾರ. ಬರೆದರೆ ಮೇಲಿನವರು ಒಪ್ಪುವುದೂ ಇಲ್ಲ.

ಇಂಥ ಅಡ್ಡಿಗಳಲ್ಲಿ ಯಾವುದು ಬರುತ್ತದೆ ಎಂದು ಮುಂಚೆ ಹೇಳಲಾಗದು. ಯಾವುದೋ ಒಂದು ಬಂದೇ ಬರುತ್ತದೆ ಎಂದು ಹೇಳಬಹುದು, ಒಟ್ಟು ಹೊರೆ ಎಷ್ಟಾಗುತ್ತದೆ ಎಂಬುದನ್ನು ತಕ್ಕಮಟ್ಟಿಗೆ ಅಳೆಯಲೂಬಹುದು. ಬೆಂಗಳೂರಿನ ಎಜಿಪುರ ಮೇಲ್ಸೇತುವೆ ಎರಡೂವರೆ ಕಿಲೊಮೀಟರ್‌ಗೂ ಕಡಿಮೆ ಉದ್ದದ್ದು. 2017ರಲ್ಲಿ ಕೆಲಸ ಶುರುವಾಯಿತು, 2019ಕ್ಕೆ ಮುಗಿಯಬೇಕಿತ್ತು. 2022ರಲ್ಲಿ ಗುತ್ತಿಗೆ ರದ್ದಾಯಿತು, 2023ರಲ್ಲಿ ಬೇರೆಯವರಿಗೆ ಹೋಯಿತು. ಸುರಂಗವಿಲ್ಲ, ಹೊಸ ತಂತ್ರಜ್ಞಾನವಿಲ್ಲ, ಕಾಂಕ್ರೀಟಿನ ಸಾದಾ ಮೇಲ್ಸೇತುವೆ. ಬೆಂಗಳೂರು ಮೆಟ್ರೊದ ಹಳದಿ ಮಾರ್ಗದ ಕಥೆ ಇದರ ತಿರುವುಮುರುವು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ 19 ಕಿ.ಮೀ. ಮಾರ್ಗದ ಕಂಬ, ಹಳಿ, ನಿಲ್ದಾಣಗಳು ಬಹುಮಟ್ಟಿಗೆ ಸಿದ್ಧವಾಗಿ ರೈಲುಗಳಿಗಾಗಿ ಕಾಯುತ್ತ ನಿಂತಿದ್ದವು. 2025ರ ಆಗಸ್ಟ್‌ನಲ್ಲಿ ಸಂಚಾರ ಆರಂಭವಾದಾಗ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ಕಾಮಗಾರಿಯ ಬಾರ್ ಚಾರ್ಟನ್ನು ಎಷ್ಟು ಸೂಕ್ಷ್ಮವಾಗಿ ತಿದ್ದಿದ್ದರೂ ಈ ವಿಳಂಬ ಅದರೊಳಗೆ ಕಾಣುತ್ತಿರಲಿಲ್ಲ.

ಗುಂಪು ಕಟ್ಟುವ ಕೆಲಸ

ವಿಧಾನದ ಗಣಿತ ಹೈಸ್ಕೂಲಿನ ಮಟ್ಟದ್ದು. ಹೊಸ ಯೋಜನೆಯನ್ನು ಹೋಲುವ, ಮುಗಿದುಹೋದ ಯೋಜನೆಗಳನ್ನು ಆರಿಸಿ. ಪ್ರತಿಯೊಂದಕ್ಕೂ ಕೊನೆಯ ಖರ್ಚನ್ನು ಮೊದಲ ಅಂದಾಜಿನಿಂದ ಭಾಗಿಸಿ. ಬಂದ ಅನುಪಾತಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ನಿಲ್ಲಿಸಿ. ಎಷ್ಟು ಭರವಸೆ ಬೇಕೋ ಆ ಸ್ಥಾನದ ಅನುಪಾತವನ್ನು ಓದಿ, ಹೊಸ ಅಂದಾಜಿಗೆ ಗುಣಿಸಿ. ಅವಧಿಗೂ ಇದೇ ಲೆಕ್ಕವನ್ನು ಪ್ರತ್ಯೇಕವಾಗಿ ಮಾಡಬೇಕು.

ಉದಾಹರಣೆಗೆ ಕಾಲ್ಪನಿಕ ಹತ್ತು ಯೋಜನೆಗಳ ಅನುಪಾತ ಹೀಗಿದೆ ಎಂದುಕೊಳ್ಳೋಣ: 0.95, 1.02, 1.08, 1.15, 1.22, 1.30, 1.42, 1.60, 1.95, 2.80. ಐದನೆಯ ಮತ್ತು ಆರನೆಯ ಸಂಖ್ಯೆಗಳ ನಡುವಿನದು 1.26. ಎಂಟನೆಯದು 1.60. ಹಾಗಾಗಿ 1,000 ಕೋಟಿಯ ಹೊಸ ಯೋಜನೆಗೆ ಸಮಸಮ ಸಾಧ್ಯತೆಯ ಬಜೆಟ್ 1,260 ಕೋಟಿ, ಶೇ 80 ಭರವಸೆಯ ಬಜೆಟ್ 1,600 ಕೋಟಿ. ಹತ್ತರ ಸರಾಸರಿ ತೆಗೆದರೆ 1.45 ಬರುತ್ತದೆ, ನಡುಸಂಖ್ಯೆಗಿಂತ ಸಾಕಷ್ಟು ಮೇಲೆ. ಕಾರಣ ಕೊನೆಯ 2.80. ಯೋಜನೆ ಅಂದಾಜಿಗಿಂತ ಶೇ 5 ಅಗ್ಗವಾಗಬಹುದು, ಹೆಚ್ಚೆಂದರೆ ಶೇ 10. ದುಬಾರಿಯಾಗುವುದಕ್ಕೆ ಮಾತ್ರ ಮೇಲ್ಮಿತಿ ಇಲ್ಲ. ಒಂದೇ ಯೋಜನೆಗೆ ಹಣ ಒದಗಿಸುವವರು ಶೇ 80ರ ಸ್ಥಾನ ನೋಡಬೇಕು. ಇಪ್ಪತ್ತು ಯೋಜನೆಗಳಿಗೆ ಒಟ್ಟಿಗೆ ಹಣ ಎತ್ತಿಡುವ ಹಣಕಾಸು ಇಲಾಖೆ ಸರಾಸರಿ ನೋಡಬೇಕು. ನಡುಸಂಖ್ಯೆ ಹಿಡಿದರೆ ಒಟ್ಟು ಮೊತ್ತ ಖಂಡಿತ ಸಾಲದು. ಈ ಎರಡು ಸಂದರ್ಭಗಳನ್ನು ಬೆರೆಸುವುದು ತೀರ ಸಾಮಾನ್ಯ ತಪ್ಪು.

ಕಷ್ಟವೆಲ್ಲ ಇರುವುದು ‘ಹೋಲುವ’ ಎಂಬುದನ್ನು ತೀರ್ಮಾನಿಸುವುದರಲ್ಲಿ. ಪ್ರತಿ ಯೋಜನೆಯ ಮುಖ್ಯಸ್ಥರೂ ತಮ್ಮದು ವಿಶಿಷ್ಟ ಎನ್ನುತ್ತಾರೆ. ವಿಶಿಷ್ಟ ಎಂಬ ವಾದವನ್ನು ಒಪ್ಪಿದರೆ ಗುಂಪಿನಲ್ಲಿ ಎರಡೋ ಮೂರೋ ಯೋಜನೆ ಉಳಿಯುತ್ತವೆ, ಅಷ್ಟರಿಂದ ಏನೂ ಹೇಳಲಾಗದು. ಜಗತ್ತಿನ ಕಟ್ಟಡ ಕಾಮಗಾರಿಗಳನ್ನೆಲ್ಲ ಸೇರಿಸಿಕೊಂಡರೆ ಸೌರವಿದ್ಯುತ್ ಪಾರ್ಕನ್ನೂ ಅಣುಸ್ಥಾವರವನ್ನೂ ಒಂದೇ ತಕ್ಕಡಿಗೆ ಹಾಕಿದಂತಾಗುತ್ತದೆ. ಫ್ಲೂಬ್ಯೋ ತಂಡ ಕಲೆಹಾಕಿರುವ 16 ಸಾವಿರಕ್ಕೂ ಹೆಚ್ಚು ಯೋಜನೆಗಳ ದತ್ತಾಂಶದಲ್ಲಿ ಸೌರವಿದ್ಯುತ್ತಿನ ಖರ್ಚು ಅಂದಾಜನ್ನು ಮೀರುವುದು ಸರಾಸರಿ ಶೇ 1. ಅಣುವಿದ್ಯುತ್ತಿನದು ಶೇ 120. ಸೌರ ಫಲಕ ಕಾರ್ಖಾನೆಯಲ್ಲಿ ತಯಾರಾಗಿ ಬರುತ್ತದೆ, ಅದೇ ಕೆಲಸ ಸಾವಿರಾರು ಸಲ ಪುನರಾವರ್ತನೆಯಾಗುತ್ತದೆ. ಪಾವಗಡದ 2,050 ಮೆಗಾವಾಟ್ ಪಾರ್ಕಿನಲ್ಲಿ ಇನ್ನೊಂದು ಅನುಕೂಲವೂ ಇತ್ತು: ಸುಮಾರು 13 ಸಾವಿರ ಎಕರೆಯನ್ನು ಸ್ವಾಧೀನ ಮಾಡಿಕೊಳ್ಳದೆ ರೈತರಿಂದ ಗುತ್ತಿಗೆಗೆ ಪಡೆದದ್ದರಿಂದ ತಡದ ದೊಡ್ಡ ಮೂಲವೊಂದು ಆರಂಭದಲ್ಲೇ ಇಲ್ಲವಾಯಿತು.

ಹಾಗಾದರೆ ಯಾವ ಗುಣ ನೋಡಿ ಆರಿಸಬೇಕು? ಹೆಸರು, ಇಲಾಖೆ, ಜಿಲ್ಲೆಗಳಿಗಿಂತ ವಿಳಂಬ ಹುಟ್ಟುವ ಕಾರಣಗಳು ಒಂದೇ ಇವೆಯೇ ಎಂಬುದು ಮುಖ್ಯ. ನೆಲದಡಿಯ ಕೆಲಸವೋ ಮೇಲಿನದೋ, ಜನವಸತಿಯ ನಡುವೆಯೋ ಬಯಲಿನಲ್ಲೋ, ಕೆಲಸ ಶುರುವಾಗುವಾಗ ಎಷ್ಟು ಪಾಲು ಜಮೀನು ಕೈಯಲ್ಲಿತ್ತು, ಎಷ್ಟು ಸಂಸ್ಥೆಗಳ ಅನುಮತಿ ಬೇಕಿತ್ತು, ಯಂತ್ರಗಳು ಆಮದೋ ಸ್ಥಳೀಯವೋ. ಬೆಂಗಳೂರಿನ ನೆಲದಡಿಯ ಮೆಟ್ರೊಗೆ ಮಂಡ್ಯದ ನಾಲೆಗಿಂತ ಪುಣೆ, ಚೆನ್ನೈ, ಕೋಲ್ಕತ್ತದ ಸುರಂಗಗಳೇ ಹತ್ತಿರದ ನೆಂಟರು. ಹದಿನೈದು ಇಪ್ಪತ್ತು ಯೋಜನೆ ಸಿಕ್ಕರೆ ಕೆಲಸ ನಡೆಯುತ್ತದೆ, ಮೂವತ್ತು ಸಿಕ್ಕರೆ ನೆಮ್ಮದಿ. ಐದಾರೇ ಸಿಕ್ಕರೆ ಗುಂಪನ್ನು ಹಿಗ್ಗಿಸಿ, ಆಗುವ ನಷ್ಟವನ್ನು ಒಪ್ಪಿಕೊಳ್ಳಬೇಕು. ಕಿರಿದಾದ ಗುಂಪಿನ ಹುಸಿ ನಿಖರತೆಗಿಂತ ಹಿಗ್ಗಿದ ಗುಂಪಿನ ಒರಟು ಉತ್ತರ ಹೆಚ್ಚಾಗಿ ಸತ್ಯಕ್ಕೆ ಹತ್ತಿರವಿರುತ್ತದೆ.

ಹೋಲಿಸುವ ಮುಂಚೆ ಸಮಮಾಡುವುದು

ಪತ್ರಿಕೆಗಳಲ್ಲಿ ಬರುವ ‘ಖರ್ಚು ಮೂರು ಪಟ್ಟು’ ಎಂಬ ಶೀರ್ಷಿಕೆಯನ್ನು ನೇರವಾಗಿ ಗುಂಪಿಗೆ ಹಾಕಿದರೆ ಲೆಕ್ಕ ಕೆಡುತ್ತದೆ. ನಮ್ಮ ಮೆಟ್ರೊ ಮೊದಲ ಹಂತವನ್ನೇ ತೆಗೆದುಕೊಳ್ಳಿ. 2006ರಲ್ಲಿ ಅಡಿಗಲ್ಲು ಬಿದ್ದಾಗ ಯೋಜನೆ 33 ಕಿ.ಮೀ., ಅಂದಾಜು 6,395 ಕೋಟಿ. 2017ರ ಜೂನ್‌ನಲ್ಲಿ ಪೂರ್ತಿಯಾದಾಗ 42.3 ಕಿ.ಮೀ., ಖರ್ಚು ಸುಮಾರು 13,845 ಕೋಟಿ. ಮೊತ್ತದಿಂದ ಮೊತ್ತವನ್ನು ಭಾಗಿಸಿದರೆ 2.16. ಆದರೆ ಮಾರ್ಗ ನಡುವೆ ಉದ್ದವಾಗಿತ್ತು. ಕಿಲೊಮೀಟರಿಗೆ ಇಳಿಸಿದರೆ 194 ಕೋಟಿ ಇದ್ದದ್ದು 327 ಕೋಟಿ ಆಗಿದೆ, ಅನುಪಾತ 1.69. ಉದ್ದ ಹೆಚ್ಚಿಸಿದ್ದು ಸರ್ಕಾರ ತಿಳಿದು ತೆಗೆದುಕೊಂಡ ನಿರ್ಧಾರ, ಅದನ್ನು ಅಂದಾಜಿನ ತಪ್ಪಿಗೆ ಸೇರಿಸುವುದು ಅನ್ಯಾಯ. ಡಿಪಿಆರ್ ಮರೆತಿದ್ದ ತಡೆಗೋಡೆಯನ್ನೋ ಪಾದಚಾರಿ ಸೇತುವೆಯನ್ನೋ ಆಮೇಲೆ ಸೇರಿಸಿದ್ದರೆ ಅದು ಅಂದಾಜಿನ ತಪ್ಪೇ, ಕಳೆಯಬಾರದು. ಗೆರೆ ಎಳೆಯುವುದು ಸುಲಭವಲ್ಲ. ಎಳೆದ ಗೆರೆಯನ್ನು ಬರೆದಿಡುವುದಂತೂ ಸಾಧ್ಯ.

ಎರಡನೆಯದು ಬೆಲೆಯೇರಿಕೆ. ಎತ್ತಿನಹೊಳೆ ಯೋಜನೆಗೆ 2012ರಲ್ಲಿ 8,323 ಕೋಟಿ, 2014ರಲ್ಲಿ 12,912 ಕೋಟಿ, 2023ರಲ್ಲಿ 23,251 ಕೋಟಿ. ಕಚ್ಚಾ ಅನುಪಾತ 2.79. ನಡುವಿನ 11 ವರ್ಷಕ್ಕೆ ವರ್ಷಕ್ಕೆ ಶೇ 5ರಂತೆ ಬೆಲೆಯೇರಿಕೆ ಹಿಡಿದರೆ ಅಷ್ಟರಿಂದಲೇ 1.71 ಪಟ್ಟು ಆಗುತ್ತದೆ. ಅದನ್ನು ಕಳೆದರೆ ಉಳಿಯುವುದು 1.63. ಭದ್ರಾ ಮೇಲ್ದಂಡೆಯಲ್ಲಿ 2008ರ 5,985 ಕೋಟಿ 2015ರಲ್ಲಿ 12,340 ಕೋಟಿಯಾಗಿ, 2020ರಲ್ಲಿ 21,473 ಕೋಟಿಗೆ ಬಂದು ನಿಂತಿತು. ಕಚ್ಚಾ ಅನುಪಾತ 3.6. ಅದೇ ಶೇ 5ರ ಲೆಕ್ಕದಲ್ಲಿ ಬೆಲೆಯೇರಿಕೆ ತೆಗೆದರೆ 2. ಶೇ 5 ಎಂಬುದು ಇಲ್ಲಿ ಸರಳತೆಗಾಗಿ ಹಿಡಿದದ್ದು. ನಿಜವಾದ ಕೆಲಸದಲ್ಲಿ ಸಿಮೆಂಟು, ಉಕ್ಕು, ಡೀಸೆಲ್, ಕೂಲಿಯ ಸೂಚ್ಯಂಕಗಳನ್ನು ಬೇರೆ ಬೇರೆಯಾಗಿ ಹಚ್ಚಬೇಕು.

ಇಲ್ಲೊಂದು ಸೂಕ್ಷ್ಮವಿದೆ. ಬೆಲೆಯೇರಿಕೆಯ ದೊಡ್ಡ ಪಾಲು ವಿಳಂಬದ ಮಗು. ನಾಲ್ಕು ವರ್ಷದಲ್ಲಿ ಮುಗಿಯಬೇಕಾದದ್ದು ಹನ್ನೆರಡು ವರ್ಷ ಎಳೆದರೆ ಎಂಟು ವರ್ಷದ ಬೆಲೆಯೇರಿಕೆಯನ್ನು ಮಾರುಕಟ್ಟೆಯ ತಲೆಗೆ ಕಟ್ಟುವುದು ಸರಿಯಲ್ಲ. ಆದ್ದರಿಂದ ಸ್ಥಿರ ಬೆಲೆಯಲ್ಲಿ ಖರ್ಚಿನ ಅನುಪಾತವನ್ನೂ ಅವಧಿಯ ಅನುಪಾತವನ್ನೂ ಬೇರೆ ಬೇರೆ ಇಟ್ಟುಕೊಂಡು, ಕೊನೆಯಲ್ಲಿ ವಾಸ್ತವಿಕ ಅವಧಿಗೆ ಬೆಲೆಯೇರಿಕೆ ಸೇರಿಸಬೇಕು. ಡಿಪಿಆರ್‌ಗಳು ಬೆಲೆಯೇರಿಕೆ ಸೇರಿಸುವುದು ನಿಜ, ಆದರೆ ಬಾರ್ ಚಾರ್ಟಿನ ಅವಧಿಗಷ್ಟೇ. ಅವಧಿ ತಪ್ಪಿದೊಡನೆ ಆ ಸಾಲೂ ತಪ್ಪುತ್ತದೆ.

ಮೂರನೆಯದು, ಯಾವ ದಿನದ ಅಂದಾಜು? ಒಂದೇ ಯೋಜನೆಗೆ ಪೂರ್ವಭಾವಿ ವರದಿಯ ಮೊತ್ತ, ಡಿಪಿಆರ್ ಮೊತ್ತ, ಸಂಪುಟ ಒಪ್ಪಿದ ಮೊತ್ತ, ಟೆಂಡರ್ ಮೊತ್ತ, ಪರಿಷ್ಕೃತ ಮೊತ್ತ ಎಂದು ಐದಾರು ಸಂಖ್ಯೆ ಓಡಾಡುತ್ತವೆ. ಸರ್ಕಾರ ‘ಆಗಲಿ’ ಎಂದ ದಿನ ಮುಂದಿದ್ದ ಸಂಖ್ಯೆಯನ್ನೇ ಹಿಡಿಯಬೇಕು, ಎಲ್ಲ ಯೋಜನೆಗೂ ಅದೇ ನಿಯಮ. ಪರಿಷ್ಕೃತ ಅಂದಾಜಿಗೆ ಹೋಲಿಸಿದರೆ ಎಲ್ಲ ಯೋಜನೆಯೂ ಬಜೆಟ್ಟಿನೊಳಗೇ ಮುಗಿದಂತೆ ಕಾಣುತ್ತದೆ. ಮೆಟ್ರೊ ಎರಡನೇ ಹಂತ 2014ರಲ್ಲಿ ಒಪ್ಪಿಗೆ ಪಡೆದದ್ದು 26,405 ಕೋಟಿಗೆ. ಆಮೇಲೆ ಅದು 30,695 ಕೋಟಿಗೆ ಪರಿಷ್ಕೃತವಾಗಿ, 40 ಸಾವಿರ ಕೋಟಿಯನ್ನೂ ದಾಟಿತು. ಹೋಲಿಕೆಗೆ ಬೇಕಾದದ್ದು ಮೊದಲ ಸಂಖ್ಯೆ ಒಂದೇ.

ನಾಲ್ಕನೆಯ ಬಲೆ ಅಂಕಿಅಂಶದ ಒಳಗೇ ಅಡಗಿರುತ್ತದೆ. ಕೇಂದ್ರದ ಸಾಂಖ್ಯಿಕ ಸಚಿವಾಲಯ 150 ಕೋಟಿ ಮೇಲ್ಪಟ್ಟ ಕೇಂದ್ರೀಯ ಯೋಜನೆಗಳ ಮಾಸಿಕ ವರದಿ ಕೊಡುತ್ತ ಬಂದಿದೆ. 2024ರ ಮಾರ್ಚ್‌ನ ವರದಿಯ ಪ್ರಕಾರ 1,873 ಯೋಜನೆಗಳಲ್ಲಿ 449ರ ಖರ್ಚು ಮೀರಿತ್ತು, ಒಟ್ಟು ಮೀರಿಕೆ 5 ಲಕ್ಷ ಕೋಟಿಗೂ ಹೆಚ್ಚು. 779 ಯೋಜನೆ ತಡವಾಗಿದ್ದವು, ಸರಾಸರಿ ತಡ 36 ತಿಂಗಳು. ನಾಲ್ಕರಲ್ಲಿ ಮೂರು ಯೋಜನೆ ಖರ್ಚಿನ ಹಿಡಿತದಲ್ಲಿವೆ ಎಂದು ಇದನ್ನು ಓದುವವರಿದ್ದಾರೆ. ಇವೆಲ್ಲ ನಡೆಯುತ್ತಿರುವ ಯೋಜನೆಗಳು. ಕೆಲಸ ಶುರುವಾಗಿ ಎರಡು ವರ್ಷವಾದದ್ದಕ್ಕೆ ಅಂದಾಜನ್ನು ಪರಿಷ್ಕರಿಸುವ ಹೊತ್ತೇ ಬಂದಿರುವುದಿಲ್ಲ, ಅದರ ಮೀರಿಕೆ ಸೊನ್ನೆ ಎಂದೇ ದಾಖಲಾಗುತ್ತದೆ. ಅತ್ಯಂತ ಕೆಟ್ಟ ಯೋಜನೆಗಳು ಇನ್ನೂ ಮುಗಿದೇ ಇರುವುದಿಲ್ಲವಾದ್ದರಿಂದ ಮುಗಿದವುಗಳನ್ನಷ್ಟೇ ತೆಗೆದುಕೊಂಡರೂ ಚಿತ್ರ ತುಸು ಚಂದವಾಗಿಯೇ ಕಾಣುತ್ತದೆ. ಒಂದೇ ವರ್ಷ ಮಂಜೂರಾದ ಎಲ್ಲ ಯೋಜನೆಗಳನ್ನೂ ಹಿಡಿದು, ಕೈಬಿಟ್ಟವನ್ನೂ ನಿಂತವನ್ನೂ ಸೇರಿಸಿ, ಹತ್ತು ಹದಿನೈದು ವರ್ಷದ ಮೇಲೆ ನೋಡುವುದು ಇದಕ್ಕೆ ಮದ್ದು.

ಕಾನೂನು ಬದಲಾದಾಗ ಹಳೆಯ ದಾಖಲೆಯ ಅರ್ಥವೂ ಬದಲಾಗುತ್ತದೆ. ಹೊಸ ಭೂಸ್ವಾಧೀನ ಕಾಯ್ದೆ 2014ರ ಜನವರಿ 1ರಿಂದ ಜಾರಿಗೆ ಬಂತು, ಪರಿಹಾರದ ಮೊತ್ತ ಒಮ್ಮೆಗೇ ಜಿಗಿಯಿತು. 2012ರಲ್ಲಿ ಮಂಜೂರಾಗಿ ಜಮೀನನ್ನು 2016ರಲ್ಲಿ ಪಡೆದ ಯೋಜನೆಯ ಅನುಪಾತದಲ್ಲಿ ಆ ಜಿಗಿತ ಸೇರಿಕೊಂಡಿದೆ, 2018ರಲ್ಲಿ ಮಂಜೂರಾದದ್ದರಲ್ಲಿ ಇಲ್ಲ. ಜಮೀನಿನ ಖರ್ಚನ್ನೂ ಕಾಮಗಾರಿಯ ಖರ್ಚನ್ನೂ ಎರಡು ಪ್ರತ್ಯೇಕ ಗುಂಪು ಮಾಡಿದರೆ ಇದು ಬಗೆಹರಿಯುತ್ತದೆ. ಸರ್ಕಾರಿ ಕಾಮಗಾರಿಯ ಜಿಎಸ್‌ಟಿ 2022ರಲ್ಲಿ ಶೇ 12ರಿಂದ 18ಕ್ಕೆ ಏರಿದ್ದಕ್ಕೂ ಇದೇ ಎಚ್ಚರ ಬೇಕು. ಆದರೆ ಕೋವಿಡ್ ವರ್ಷಗಳನ್ನು ‘ಅಪವಾದ’ವೆಂದು ಕತ್ತರಿಸಿ ತೆಗೆಯುವ ಆಸೆಗೆ ಬೀಳಬಾರದು. ಇನ್ನೊಂದು ಸಾಂಕ್ರಾಮಿಕ ಬಾರದೆ ಇರಬಹುದು, ಬದಲಿಗೆ ಆಮದು ನಿರ್ಬಂಧವೋ, ಉಕ್ಕಿನ ಬೆಲೆಯ ಹುಚ್ಚೋ, ಚುನಾವಣೆಯ ನಂತರ ಆದ್ಯತೆಯ ಪಲ್ಲಟವೋ ಬರುತ್ತದೆ. ಒಂದೊಂದೇ ಅಪವಾದವನ್ನು ತೆಗೆಯುತ್ತ ಹೋದರೆ ಕೊನೆಗೆ ಕೈಯಲ್ಲಿ ಉಳಿಯುವುದು ಅದೇ ಬಾರ್ ಚಾರ್ಟ್.

ಸುರಂಗ ರಸ್ತೆಗೆ ಹಚ್ಚಿ ನೋಡಿದರೆ

ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುಮಾರು 16.7 ಕಿ.ಮೀ. ಅವಳಿ ಸುರಂಗ ರಸ್ತೆ ಮಾಡುವ ಪ್ರಸ್ತಾವದ ಅಂದಾಜು 17 ಸಾವಿರ ಕೋಟಿ ಮೀರಿದೆ, ಕಟ್ಟುವ ಅವಧಿ 50 ತಿಂಗಳು. ಬೇಕೋ ಬೇಡವೋ ಎಂಬ ಜಗಳ ಬೇರೆ. 50 ತಿಂಗಳು ನಂಬಲರ್ಹವೇ ಎಂಬುದನ್ನು ಬೆಂಗಳೂರಿನದೇ ನೆಲ ಹೇಳಬಲ್ಲದು.

ಮೆಟ್ರೊ ಗುಲಾಬಿ ಮಾರ್ಗದ ನೆಲದಡಿಯ ಭಾಗಕ್ಕೆ ಗುತ್ತಿಗೆ ಕೊಟ್ಟದ್ದು 2019ರಲ್ಲಿ. ಟಿಬಿಎಂಗಳು (ಸುರಂಗ ಕೊರೆಯುವ ಯಂತ್ರಗಳು) ಕೊರೆಯಲು ತೊಡಗಿದ್ದು 2020ರ ಆಗಸ್ಟ್‌ನಲ್ಲಿ, ಕೊನೆಯದು ಹೊರಬಂದದ್ದು 2024ರ ಅಕ್ಟೋಬರ್ 30ರಂದು. ಒಂಬತ್ತು ಯಂತ್ರ, ಎರಡೂ ಕೊಳವೆ ಸೇರಿ ಸುಮಾರು 21 ಕಿ.ಮೀ., 50 ತಿಂಗಳು. ಯಂತ್ರಕ್ಕೆ ಸರಾಸರಿ 2.33 ಕಿ.ಮೀ. ಎಲ್ಲ ಯಂತ್ರವೂ ಒಂದೇ ದಿನ ಇಳಿದಿರಲಿಲ್ಲ. ಉದಾರವಾಗಿ ಪ್ರತಿಯೊಂದೂ 36 ತಿಂಗಳು ದುಡಿದಿದೆ ಎಂದುಕೊಂಡರೆ ತಿಂಗಳಿಗೆ 65 ಮೀಟರ್. ಇದು ಯಂತ್ರ ಓಡುತ್ತಿದ್ದ ದಿನಗಳ ವೇಗವಲ್ಲ, ನಿಂತ ದಿನಗಳೂ ಸೇರಿದ ವೇಗ. ನಮಗೆ ಬೇಕಾದದ್ದೂ ಅದೇ. ಬೆಂಗಳೂರಿನ ಅಡಿಯಲ್ಲಿ ಗಟ್ಟಿ ಗ್ನೈಸ್ ಬಂಡೆ ಇದೆ, ಅದರ ಮೇಲೆ ಶಿಥಿಲವಾದ ಬಂಡೆ ಮತ್ತು ಮಣ್ಣು, ನಡುನಡುವೆ ಉರುಟು ಗುಂಡುಕಲ್ಲುಗಳು. ಯಂತ್ರದ ಮುಖದ ಕೆಳಗಿನರ್ಧ ಕಲ್ಲನ್ನೂ ಮೇಲಿನರ್ಧ ಮಣ್ಣನ್ನೂ ಎದುರಿಸುವಾಗ ಕಟರ್‌ಗಳು ಒಂದೇ ಕಡೆ ಸವೆಯುತ್ತವೆ, ಮೇಲಿನ ಮಣ್ಣು ಕುಸಿಯುತ್ತದೆ, ನಿಲ್ಲಿಸಿ ಕಟರ್ ಬದಲಿಸಬೇಕಾಗುತ್ತದೆ. ಮೊದಲ ಹಂತದಲ್ಲಿ ‘ಗೋದಾವರಿ’ ಯಂತ್ರ ತಿಂಗಳುಗಟ್ಟಲೆ ನೆಲದಡಿ ಸಿಕ್ಕಿಬಿದ್ದದ್ದು ನಗರದವರಿಗೆ ನೆನಪಿದೆ.

ಈಗ ಸುರಂಗ ರಸ್ತೆ. ಅವಳಿ ಕೊಳವೆ ಎಂದರೆ ಒಟ್ಟು 33.4 ಕಿ.ಮೀ. ಎಂಟು ಯಂತ್ರ ತರುತ್ತಾರೆ ಎಂದು ಹಿಡಿದರೆ ತಲೆಗೆ 4.2 ಕಿ.ಮೀ. ಗುತ್ತಿಗೆಯಾದ ಮೇಲೆ ಯಂತ್ರ ತಯಾರಾಗಿ ಬಂದು, ಅದನ್ನು ಇಳಿಸುವ ಶಾಫ್ಟ್ (ನೇರ ಗುಂಡಿ) ಅಗೆದು, ಜೋಡಿಸಿ ಇಳಿಸಲು 15 ತಿಂಗಳು. 50 ತಿಂಗಳಲ್ಲಿ ಮುಗಿಯಬೇಕಾದರೆ ಉಳಿದ 35 ತಿಂಗಳು ಪ್ರತಿ ಯಂತ್ರವೂ ತಿಂಗಳಿಗೆ 120 ಮೀಟರ್ ಕೊರೆಯಬೇಕು, ಒಳಗಿನ ರಸ್ತೆ, ಗಾಳಿ, ಬೆಂಕಿ ರಕ್ಷಣೆಯ ಕೆಲಸಕ್ಕೆ ಒಂದು ದಿನವೂ ಉಳಿಯದಂತೆ. ಗುಲಾಬಿ ಮಾರ್ಗದ 65 ಮೀಟರ್ ಹಿಡಿದರೆ ಕೊರೆತಕ್ಕೇ 64 ತಿಂಗಳು, ಸಿದ್ಧತೆ ಸೇರಿ 79. ಇದರಲ್ಲಿ ಇನ್ನೊಂದು ಕಹಿ ಸೇರಿಲ್ಲ: ಮೆಟ್ರೊ ಕೊರೆತದ ವ್ಯಾಸ ಸುಮಾರು ಆರೂವರೆ ಮೀಟರ್, ಮೂರು ಪಥದ ರಸ್ತೆಗೆ ಬೇಕಾದದ್ದು ಅದರ ಎರಡು ಪಟ್ಟಿಗೂ ಹೆಚ್ಚು. ಕೊರೆಯುವ ಮುಖದ ವಿಸ್ತೀರ್ಣ ನಾಲ್ಕು ಪಟ್ಟು ಮೀರುತ್ತದೆ.

ಅಷ್ಟು ದೊಡ್ಡ ಯಂತ್ರಗಳ ದಾಖಲೆ ಹೊರದೇಶಗಳಲ್ಲಿದೆ. ಸಿಯಾಟಲ್‌ನಲ್ಲಿ 17.5 ಮೀಟರ್ ವ್ಯಾಸದ ‘ಬರ್ಥಾ’ 2.7 ಕಿ.ಮೀ. ಕೊರೆಯಲು 2013ರ ಜುಲೈನಲ್ಲಿ ಇಳಿದು, ಅದೇ ಡಿಸೆಂಬರ್‌ನಲ್ಲಿ ನಿಂತು, ದುರಸ್ತಿಗೆ ಎರಡು ವರ್ಷ ಕಳೆದು, 2017ರ ಏಪ್ರಿಲ್‌ನಲ್ಲಿ ಹೊರಬಂತು. 2015ರ ಕೊನೆಗೆ ತೆರೆಯಬೇಕಿದ್ದ ರಸ್ತೆ ತೆರೆದದ್ದು 2019ರ ಫೆಬ್ರುವರಿಯಲ್ಲಿ. ನಮ್ಮದೇ ಅಟಲ್ ಸುರಂಗ ಟಿಬಿಎಂ ಇಲ್ಲದೆ ಸಿಡಿಮದ್ದಿನಿಂದ ಕೊರೆದದ್ದು, ಹಾಗಾಗಿ ವೇಗದ ಹೋಲಿಕೆಗೆ ಬರುವುದಿಲ್ಲ. ಭೂಗರ್ಭದ ಅಚ್ಚರಿಯ ಪಾಠಕ್ಕೆ ಬರುತ್ತದೆ: ಸೆರಿ ನಾಲಾ ಎಂಬಲ್ಲಿ 587 ಮೀಟರ್ ಸಡಿಲ ಬಂಡೆ ದಾಟಲಿಕ್ಕೇ ವರ್ಷಗಳು ಹಿಡಿದವು. 2015ಕ್ಕೆ ಗುರಿಯಿಟ್ಟಿದ್ದ ಸುರಂಗ 2020ರ ಅಕ್ಟೋಬರ್‌ನಲ್ಲಿ ತೆರೆಯಿತು.

79 ತಿಂಗಳು ಭವಿಷ್ಯವಾಣಿಯಲ್ಲ. ಹೆಚ್ಚು ಯಂತ್ರ ತಂದರೆ, ಕೊಳವೆ ಇನ್ನೂ ಆಳಕ್ಕೆ ಇಳಿದು ಪೂರ್ತಿ ಗಟ್ಟಿ ಕಲ್ಲಿನಲ್ಲೇ ಸಾಗಿದರೆ ವೇಗ ಹೆಚ್ಚಬಹುದು. ಆದರೆ ಹಾಗೆಂದು ವಾದಿಸುವವರು 65 ಮೀಟರಿನಿಂದ ಶುರುಮಾಡಿ ತಮ್ಮ ಕಾರಣಗಳನ್ನು ಒಂದೊಂದಾಗಿ ಸೇರಿಸಬೇಕು. 120 ಮೀಟರನ್ನು ಮೊದಲೇ ನಂಬಿ ಕೂರುವುದಲ್ಲ. ಈ ವಿಧಾನದ ನಿಜವಾದ ಉಪಯೋಗ ಇಲ್ಲಿದೆ, ವಾದ ಎಲ್ಲಿಂದ ಶುರುವಾಗಬೇಕು ಎಂಬುದನ್ನು ಅದು ಬದಲಿಸುತ್ತದೆ.

ಎತ್ತಿಟ್ಟ ಹಣ ಯಾರ ಕೈಯಲ್ಲಿ

ಶೇ 57 ಸೇರಿಸಿ ಎಂದಾಗ ಹಣಕಾಸು ಇಲಾಖೆ ಕೇಳುವ ಪ್ರಶ್ನೆ ನ್ಯಾಯವಾದದ್ದು: ಹೆಚ್ಚುವರಿ ಹಣ ಇದೆ ಎಂದು ಗೊತ್ತಾದರೆ ಅದು ಖರ್ಚಾಗದೆ ಉಳಿಯುತ್ತದೆಯೇ? ಉಳಿಯುವುದಿಲ್ಲ. ಆದ್ದರಿಂದ ಕಾಮಗಾರಿ ನಡೆಸುವ ಸಂಸ್ಥೆಗೆ ನಡುಸಂಖ್ಯೆಯ ಬಜೆಟ್ ಕೊಟ್ಟು, ಅಲ್ಲಿಂದ ಶೇ 80ರ ಮಟ್ಟದವರೆಗಿನ ಮೊತ್ತವನ್ನು ಮೇಲಿನ ಹಂತದಲ್ಲಿ, ಅಂದರೆ ಹಣಕಾಸು ಇಲಾಖೆಯಲ್ಲೋ ಸಂಪುಟ ಉಪಸಮಿತಿಯಲ್ಲೋ ಇಟ್ಟು, ಕಾರಣ ಬರೆದು ಕೇಳಿದಾಗ ಮಾತ್ರ ಬಿಡಬೇಕು. ಟೆಂಡರಿನಲ್ಲಿ ಈ ಮೊತ್ತದ ಸುಳಿವೂ ಇರಬಾರದು. ಡಿಪಿಆರ್‌ನಲ್ಲಿ ಆಗಲೇ ಶೇ 3 ಸೇರಿದ್ದರೆ ಅದನ್ನು ಕಳೆದು ಗುಣಿಸಬೇಕು. ಹೋಲಿಕೆ ಗುಂಪಿನ ಮೊದಲ ಅಂದಾಜುಗಳಲ್ಲೂ ಅಂಥ ಮೊತ್ತ ಸೇರಿತ್ತೇ ಎಂದು ನೋಡದೆ ಹೋದರೆ ಒಂದೇ ಅಪಾಯಕ್ಕೆ ಎರಡು ಸಲ ಹಣ ಇಟ್ಟಂತಾಗುತ್ತದೆ.

ವಿಧಾನವನ್ನು ತಿಳಿದೂ ಸೋತ ಉದಾಹರಣೆ ಸ್ಕಾಟ್ಲೆಂಡಿನ ಎಡಿನ್‌ಬರೊ ಟ್ರಾಮ್. ಅದರ ಎರಡನೇ ಮಾರ್ಗಕ್ಕೆ 2004ರಲ್ಲಿ ಪ್ರವರ್ತಕರು ಹೇಳಿದ್ದು 32 ಕೋಟಿ ಪೌಂಡ್. ಹೋಲಿಕೆ ಗುಂಪು ಶೇ 80ರ ಮಟ್ಟಕ್ಕೆ ಹೇಳಿದ್ದು 40 ಕೋಟಿ. ಮುಂದೆ ಒಟ್ಟು ಯೋಜನೆಗೆ 54.5 ಕೋಟಿ ಪೌಂಡ್ ಬಜೆಟ್ ಆಯಿತು, ಗುತ್ತಿಗೆದಾರರೊಂದಿಗೆ ವ್ಯಾಜ್ಯವಾಯಿತು, ಮಾರ್ಗವನ್ನು ಮೊಟಕುಮಾಡಿ 2014ರಲ್ಲಿ ತೆರೆದಾಗ ಖರ್ಚು 77.6 ಕೋಟಿ. ಶೇ 80ರ ಭರವಸೆ ಎಂದರೆ ಐದರಲ್ಲಿ ಒಂದು ಯೋಜನೆ ಅದನ್ನೂ ದಾಟುತ್ತದೆ ಎಂದೇ ಅರ್ಥ. ಎಷ್ಟು ದೂರ ದಾಟುತ್ತದೆ ಎಂಬುದನ್ನು ಆ ಒಂದು ಸಂಖ್ಯೆ ಹೇಳದು.

ಅಂದಾಜು ಕಡಿಮೆ ಬರುವುದು ಯಾವಾಗಲೂ ಆಶಾವಾದದ ಫಲವೂ ಅಲ್ಲ. ನಿಜವಾದ ಮೊತ್ತ ಬರೆದರೆ ಮಂಜೂರಾಗದು, ಕಡಿಮೆ ಬರೆದು ಅಡಿಗಲ್ಲು ಹಾಕಿಸಿದರೆ ಆಮೇಲೆ ಯಾರೂ ನಿಲ್ಲಿಸಲಾರರು ಎಂಬುದು ಎಲ್ಲ ಪಕ್ಷಗಳ ಸರ್ಕಾರಗಳಿಗೂ ಗೊತ್ತಿರುವ ಗುಟ್ಟು. ಹಾಗಾಗಿ ಗುಂಪನ್ನು ಆರಿಸುವವರು ಪ್ರಸ್ತಾವ ಮಂಡಿಸುವ ಸಂಸ್ಥೆಯವರೂ ಆಗಿರಬಾರದು, ಅದರಿಂದ ಶುಲ್ಕ ಪಡೆಯುವ ಸಲಹೆಗಾರರೂ ಆಗಿರಬಾರದು. ಲಾಭದ ಅಂದಾಜಿಗೂ ಇದೇ ಜರಡಿ ಬೇಕು. ಹಲವು ದೇಶಗಳ ರೈಲು ಯೋಜನೆಗಳನ್ನು ನೋಡಿದ ಫ್ಲೂಬ್ಯೋ ತಂಡಕ್ಕೆ ನಿಜವಾದ ಪ್ರಯಾಣಿಕರು ಅಂದಾಜಿನ ಅರ್ಧದಷ್ಟೇ ಇದ್ದದ್ದು ಕಂಡಿತ್ತು.

30×40 ಸೈಟಿಗೂ ಅದೇ

ಮನೆ ಕಟ್ಟಿಸುವವರು ಗುತ್ತಿಗೆದಾರ ಹೇಳಿದ ಚದರಡಿ ದರವನ್ನು ಅಳತೆಗೆ ಗುಣಿಸಿ ಬ್ಯಾಂಕಿಗೆ ಹೋಗುತ್ತಾರೆ. ಅದೇ ಬಡಾವಣೆಯಲ್ಲಿ ಕಳೆದ ಮೂರು ವರ್ಷದಲ್ಲಿ ಮನೆ ಮುಗಿಸಿದ ಎಂಟು ಹತ್ತು ಮಂದಿಯನ್ನು ಮಾತಾಡಿಸಿ, ಕರಾರಿನ ಮೊತ್ತ ಎಷ್ಟು, ಗೃಹಪ್ರವೇಶದ ದಿನಕ್ಕೆ ಒಟ್ಟು ಎಷ್ಟಾಗಿತ್ತು, ಎಷ್ಟು ತಿಂಗಳು ಅಂದುಕೊಂಡು ಎಷ್ಟಾಯಿತು ಎಂಬ ನಾಲ್ಕೇ ಸಂಖ್ಯೆ ಬರೆದುಕೊಂಡರೆ ಗುಂಪು ಸಿದ್ಧ. ಸಂಪು, ಕಾಂಪೌಂಡ್, ಬೋರ್‌ವೆಲ್, ಬೆಸ್ಕಾಂ ಠೇವಣಿ, ಪ್ಲಾನ್ ಮಂಜೂರಾತಿ ಕರಾರಿನಲ್ಲಿ ಸೇರಿತ್ತೇ ಎಂದು ಎಲ್ಲರಿಗೂ ಒಂದೇ ರೀತಿ ಕೇಳಬೇಕು. ಅರ್ಧಕ್ಕೆ ನಿಂತ ಮನೆಯವರನ್ನು ಬಿಡಬಾರದು, ಅವರ ಲೆಕ್ಕವೇ ಹೆಚ್ಚು ಕಲಿಸುತ್ತದೆ.

ಸಾಫ್ಟ್‌ವೇರ್ ತಂಡಗಳಿಗೆ ಇನ್ನೂ ಸುಲಭ. ಕೆಲಸ ದಾಖಲಾದ ದಿನ, ಕೊಟ್ಟ ಅಂದಾಜು, ಗ್ರಾಹಕರ ಕೈಸೇರಿದ ದಿನ ಎಲ್ಲವೂ ಕೆಲಸದ ಪಟ್ಟಿ ಇಡುವ ತಂತ್ರಾಂಶದಲ್ಲೇ ಇರುತ್ತವೆ. ಅಲ್ಲಿ ಆಗುವ ತಪ್ಪೆಂದರೆ ಕೋಡ್ ಬರೆದ ಗಂಟೆಗಳನ್ನು ಲೆಕ್ಕ ಹಾಕಿ, ಪರಿಶೀಲನೆಗೆ ಕಾದ, ಪರವಾನಗಿಗೆ ಕಾದ, ಇನ್ನೊಂದು ತಂಡಕ್ಕೆ ಕಾದ ದಿನಗಳನ್ನು ಬಿಡುವುದು. ಕ್ಯಾಲೆಂಡರಿನ ದಿನಗಳನ್ನೇ ಎಣಿಸಬೇಕು.

ಹೋಲಿಕೆ ಗುಂಪಿನ ಲೆಕ್ಕವನ್ನು ಯಾವಾಗ ಬಿಡಬೇಕು? ಯೋಜನೆಯದೇ ದಾಖಲೆ ಸಾಕಷ್ಟು ಬೆಳೆದಾಗ. ಟಿಬಿಎಂ ಒಂದು ಕಿಲೊಮೀಟರ್ ಮುಗಿಸಿದ್ದರೆ ಮುಂದಿನದಕ್ಕೆ ಅದರದೇ ತಿಂಗಳ ಸರಾಸರಿಯನ್ನು ಹಿಡಿಯಬಹುದು, ಮುಂದಿನ ನೆಲ ಇದೇ ಬಗೆಯದಾಗಿದ್ದರೆ. ಜಮೀನಿನ ಶೇ 90 ಕೈಗೆ ಬಂದಿದ್ದರೆ ಭೂಸ್ವಾಧೀನದ ಅನುಪಾತವನ್ನು ಉಳಿದ ಶೇ 10ಕ್ಕೆ ಮಾತ್ರ ಹಚ್ಚಬೇಕು, ಸಾಮಾನ್ಯವಾಗಿ ಅತಿ ಜಿಗುಟಾದ ಹತ್ತು ಅದೇ ಎಂಬುದನ್ನು ನೆನಪಿಟ್ಟು. ಬೆಂಗಳೂರು ಉಪನಗರ ರೈಲಿಗೆ 2022ರ ಜೂನ್‌ನಲ್ಲಿ ಅಡಿಗಲ್ಲು ಬಿದ್ದಾಗ 148 ಕಿ.ಮೀ.ಗೆ 15,767 ಕೋಟಿ, 40 ತಿಂಗಳು ಎಂದಿದ್ದರು. ಆ 40 ತಿಂಗಳು 2025ರ ಅಕ್ಟೋಬರ್‌ಗೆ ಕಳೆದವು, ಒಂದು ಮಾರ್ಗದಲ್ಲೂ ರೈಲು ಓಡಿಲ್ಲ. ಇನ್ನು ಅದರ ಮುಂದಿನ ಗಡುವನ್ನು ಹಾಕಬೇಕಾದರೆ ಹಳೆಯ ಬಾರ್ ಚಾರ್ಟನ್ನು ಬಲಕ್ಕೆ ಜರುಗಿಸುವ ಬದಲು, ಈ 40 ತಿಂಗಳಲ್ಲಿ ಎಷ್ಟು ಕಂಬ ಎದ್ದಿತು, ಎಷ್ಟು ಎಕರೆ ಸಿಕ್ಕಿತು, ಎಷ್ಟು ಅನುಮತಿ ಬಂತು ಎಂಬುದನ್ನು ಹಿಡಿದು ಉಳಿದದ್ದನ್ನು ಭಾಗಿಸಿದರೆ ಸಾಕು. ಆ ಮೂರು ಸಂಖ್ಯೆಗಳೂ ಸಂಸ್ಥೆಯ ಮಾಸಿಕ ಪ್ರಗತಿ ವರದಿಯಲ್ಲೇ ಇರಬೇಕಾದವು.